ಕೀರ್ತಿಯೂ ಋಣವೂ

ಕರ್ಮದ ಬೆಲೆಯು ಕರ್ಮದಲ್ಲಿಯೇ ಇರುವುದೋ, ಲೋಕವು ಅದಕ್ಕೆ ಕೊಡುವ ಹೆಸರಿನಲ್ಲಿರುವುದೋ? ಈ ಪ್ರಶ್ನೆಯನ್ನು ಶಾಸ್ತ್ರಗ್ರಂಥಗಳಿಂದಲ್ಲದೆ ಆಟದ ಬಯಲಿನಿಂದ ಎತ್ತಿಕೊಂಡರೆ ವಾಚಕಮಹಾಶಯರು ಅಸಮಾಧಾನಪಡಲಾರರೆಂದು ನಂಬುತ್ತೇನೆ.

ವೇಲ್ಸ್ ದೇಶದ ಗ್ಲಾಮೋರ್ಗನ್ ಕೌಂಟಿಯ ಕ್ರಿಕೆಟ್ ತಂಡಕ್ಕಾಗಿ ಆಲನ್ ಜೋನ್ಸ್ ಎಂಬಾತನು 1957 ರಿಂದ 1983 ರವರೆಗೆ ಆಡಿದನು. ಈತನು ಎಡಗೈ ಆಟಗಾರನು, ಆಟವನ್ನು ಆರಂಭಿಸುವವನು. ಹೊಸ ಚೆಂಡಿನ ವೇಗವನ್ನು ಮೊದಲು ತಾನೆದುರಿಸಿ, ಅದರ ಹೊಳಪು ಮಾಸಿದ ಮೇಲೆ ಬರುವವರಿಗೆ ದಾರಿಯನ್ನು ಸುಗಮಗೊಳಿಸುವುದೇ ಇಂಥವನ ಧರ್ಮವು. 1961 ರಿಂದ ಮೊದಲುಗೊಂಡು ಎಡೆಬಿಡದೆ 23 ವರ್ಷ, ವರ್ಷವೊಂದಕ್ಕೆ ಸಾವಿರಕ್ಕೆ ಕಡಮೆಯಿಲ್ಲದಂತೆ ರನ್ನುಗಳನ್ನು ಗಳಿಸಿದನು. ಪ್ರಥಮದರ್ಜೆಯ ಪಂದ್ಯಗಳಲ್ಲಿ ಆತನ ಒಟ್ಟು ಗಳಿಕೆ 36,049 ರನ್ನುಗಳು, ಶತಕಗಳು 56.

1970 ರಲ್ಲಿ, ವರ್ಣಭೇದನೀತಿಗೆ ಎದ್ದ ವಿರೋಧದಿಂದ ದಕ್ಷಿಣ ಆಫ್ರಿಕದ ತಂಡದ ಪ್ರವಾಸವು ನಿಂತುಹೋಗಲು, ನಾನಾ ದೇಶಗಳ ಆಟಗಾರರು ಕೂಡಿದ ತಂಡದೊಡನೆ ಇಂಗ್ಲೆಂಡು ಆಡಿತು. ಲಾರ್ಡ್ಸ್ ಬಯಲಿನ ಪಂದ್ಯಕ್ಕೆ ಜೋನ್ಸ್‌ನಿಗೆ ಕರೆ ಬಂದಿತು. ಆತನು ಗಳಿಸಿದುದು ಮೊದಲು 5, ಬಳಿಕ ಸೊನ್ನೆ. ಮತ್ತೆ ಕರೆ ಬರಲಿಲ್ಲ. ಸಾಲದುದಕ್ಕೆ, ಟೆಸ್ಟ್ ಎಂದು ಆಡಿಸಿದ ಆ ಪಂದ್ಯಗಳಿಗೆ ಆ ಪದವಿಯು ಸಲ್ಲದೆಂದು ಅನಂತರ ತೀರ್ಮಾನವಾಯಿತು. ಕೊಟ್ಟ ಪಟ್ಟವನ್ನು ಕಿತ್ತುಕೊಂಡಂತಾಯಿತು.

ಕೀರ್ತಿಯಿಲ್ಲದ ಶ್ರಮವು ಕಾಡಿನಲ್ಲಿ ಸುರಿದ ಬೆಳುದಿಂಗಳಲ್ಲವೇ ಎಂದು ಇಲ್ಲಿ ಪೂರ್ವಪಕ್ಷವು. ಹಾಗಲ್ಲ. ಲೋಕವು ಪದವಿಯನ್ನು ಕೊಟ್ಟುದು ಆತನು ಸೋತ ಆಟಕ್ಕೆ, ಕಿತ್ತುಕೊಂಡುದೂ ಅದನ್ನೇ. ಇಪ್ಪತ್ತಮೂರು ವರ್ಷಗಳ ಸಾಧನೆಯನ್ನು ಆ ಎರಡು ತೀರ್ಪುಗಳೂ ಮುಟ್ಟಲಾರದೆ ಹೋದುವು. ಕೊಡುವ ಅಧಿಕಾರವಿಲ್ಲದವನಿಗೆ ಕಳೆಯುವ ಅಧಿಕಾರವೆಲ್ಲಿಯದು?

ಹಾಗಾದರೆ ಸನ್ಮಾನವು ವ್ಯರ್ಥವೇ? ಅದೂ ಅಲ್ಲ. ಐವತ್ತು ವರ್ಷಗಳ ಮೇಲೆ, 2020 ರಲ್ಲಿ, ಇಂಗ್ಲೆಂಡಿನ ಕ್ರಿಕೆಟ್ ಮಂಡಲಿಯು ಆತನಿಗೆ 696 ನೆಯ ಸಂಖ್ಯೆಯ ಟೋಪಿಯನ್ನಿತ್ತು ಗೌರವಿಸಿತು. ಆ ಪಂದ್ಯಕ್ಕೆ ಟೆಸ್ಟ್ ಪದವಿಯೇನೂ ಮರಳಲಿಲ್ಲ; ಆತನ ಗಳಿಕೆಗೆ ಒಂದು ರನ್ನೂ ಕೂಡಲಿಲ್ಲ. ಆದರೆ ಕೊಟ್ಟವರ ಋಣವು ತೀರಿತು. ಗುಣವನ್ನು ಗುರುತಿಸುವುದು ಗುಣವಂತನಿಗೆ ಮಾಡುವ ಉಪಕಾರವಲ್ಲ, ಸಮಾಜವು ಸಲ್ಲಿಸಬೇಕಾದ ಸಾಲವು. ಸಾಲವನ್ನು ತಡಮಾಡಿದರೆ ಕುಂದುವುದು ಸಾಲಗಾರನ ಮಾನವು.

ಆದುದರಿಂದ ಮಾಡುವವನು ಕೀರ್ತಿಯನ್ನು ಎಣಿಸದೆ ಮಾಡತಕ್ಕುದು. ನೋಡುವವನು ಕೀರ್ತಿಯನ್ನು ತಡೆಯದೆ ಕೊಡತಕ್ಕುದು. ಮೊದಲನೆಯ ಧರ್ಮವನ್ನು ಇತರರಿಗೆ ಬೋಧಿಸಿ, ಎರಡನೆಯದನ್ನು ತಾವು ಮರೆಯುವವರೇ ಲೋಕದಲ್ಲಿ ಹೆಚ್ಚು.