ಒಬ್ಬರಿಗಾಗಿ ಹಾಡಿದ್ದು

2020ರ ಏಪ್ರಿಲ್‌ನಲ್ಲಿ ಕೋವಿಡ್ ಮಹಾಮಾರಿಯಿಂದಾಗಿ ನ್ಯೂಯಾರ್ಕಿನ ಆಸ್ಪತ್ರೆಗಳು ಬಾಗಿಲು ಮುಚ್ಚಿಕೊಂಡಿದ್ದವು. ರೋಗಿಗಳಿಗಲ್ಲ, ರೋಗಿಗಳ ಮನೆಯವರಿಗೆ. ಒಳಗೆ ಹೋದವರು ಒಬ್ಬರೇ ಹೋದರು, ಎಷ್ಟೋ ಮಂದಿ ಒಬ್ಬರೇ ತೀರಿಕೊಂಡರು. ಮ್ಯಾನ್‌ಹ್ಯಾಟನ್ನಿನ ಉತ್ತರ ತುದಿಯಲ್ಲಿರುವ ಆ್ಯಲೆನ್ ಆಸ್ಪತ್ರೆಯಲ್ಲಿ ಆಗ ಕೆಲಸಕ್ಕಿದ್ದ, ಸಂಗೀತವನ್ನೂ ಕಲಿತಿದ್ದ ಯುವ ವೈದ್ಯೆಯೊಬ್ಬರು ಸಂಗೀತಗಾರರ ನೆರವು ಕೇಳಿದರು. ವಯೋಲಾ ವಾದಕಿ ಮಾಲಿ ಕಾರ್ ಕಟ್ಟಿದ ‘ಪ್ರಾಜೆಕ್ಟ್: ಮ್ಯೂಸಿಕ್ ಹೀಲ್ಸ್ ಅಸ್’ ಎಂಬ ಸಂಸ್ಥೆ ಅದಕ್ಕೆ ಓಗೊಟ್ಟಿತು. ಸೆರೆಮನೆಗಳಿಗೆ, ವೃದ್ಧಾಶ್ರಮಗಳಿಗೆ ಹೋಗಿ ನುಡಿಸುತ್ತಿದ್ದವರು ಅವರು. ಈಗ ಎಲ್ಲಿಗೂ ಹೋಗುವಂತಿರಲಿಲ್ಲ. ಹಾಗಾಗಿ ಮನೆಯಲ್ಲೇ ಕೂತು, ಫೋನಿನ ಎದುರು, ಒಂದು ಹಾಸಿಗೆಗೆ ಒಬ್ಬ ಕಲಾವಿದರಂತೆ ನುಡಿಸಿದರು. ಆಚೆ ತುದಿಯಲ್ಲಿ ಗ್ಲೌಸು ತೊಟ್ಟ ಕೈಯೊಂದು ಆ ಫೋನನ್ನು ರೋಗಿಯ ಹತ್ತಿರ ಹಿಡಿದಿರುತ್ತಿತ್ತು.

ಕಛೇರಿಯೊಂದು ಮುಗಿದರೆ ಏನಾದರೂ ಹಿಂದೆ ಉಳಿಯುತ್ತದೆ. ಚಪ್ಪಾಳೆ ಉಳಿಯುತ್ತದೆ, ಮರುದಿನದ ವಿಮರ್ಶೆ ಉಳಿಯುತ್ತದೆ, ‘ಅಂದು ಆ ರಾಗ ಹೇಗೆ ಹಾಡಿದರು ಗೊತ್ತೇ’ ಎಂದು ಹೇಳಿಕೊಳ್ಳುವವರು ಉಳಿಯುತ್ತಾರೆ. ಇಲ್ಲಿ ಅದೊಂದೂ ಇಲ್ಲ. ಕೇಳುವವರಲ್ಲಿ ಹಲವರ ಗಂಟಲಲ್ಲಿ ಉಸಿರಾಟದ ಕೊಳವೆಯಿತ್ತು, ಮೈತುಂಬ ಅರಿವಳಿಕೆಯ ಮಂಪರು. ಕಣ್ಣು ತೆರೆಯಲಾರದವರಿಗೆ, ತಲೆದೂಗಲಾರದವರಿಗೆ, ನಾಳೆ ಇರುತ್ತಾರೆಂಬ ಭರವಸೆಯಿಲ್ಲದವರಿಗೆ ನುಡಿಸಿದ್ದು. ನುಡಿಸಿದ್ದರಲ್ಲಿ ಬಹುಪಾಲು ಎಲ್ಲಿಯೂ ಉಳಿದಿಲ್ಲ. ಉಳಿಯದ ಇಂಥದ್ದಕ್ಕೆ ನಾವು ಯಾವ ಬೆಲೆ ಕಟ್ಟಬೇಕು?

ಈ ಪ್ರಶ್ನೆ ನನ್ನದಾದದ್ದು ಮುಂದಿನ ವರ್ಷ. 2021ರ ಮೇ ತಿಂಗಳಲ್ಲಿ ನನ್ನ ಸೋದರತ್ತೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿದ್ದರು. ಭಜನಾ ಮಂಡಳಿಯಲ್ಲಿ ಹಾಡಿಕೊಂಡು ಬಂದವರು. ವಾರ್ಡಿನಲ್ಲಿ ಮೂಗು ಬಾಯಿ ಮುಚ್ಚುವ ಮಾಸ್ಕಿನಿಂದಾಗಿ ಮಾತೇ ಆಗುತ್ತಿರಲಿಲ್ಲ. ಸಂಜೆಯ ಡ್ಯೂಟಿಯ ಸಿಸ್ಟರ್ ಒಬ್ಬರು ಒಪ್ಪಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫೋನನ್ನು ಅವರ ಮುಂದೆ ಹಿಡಿದರು. ಮಂಡಳಿಯ ಹೆಂಗಸರು ತಮ್ಮ ತಮ್ಮ ಮನೆಗಳಿಂದ ಕರೆಯಲ್ಲಿ ಸೇರಿಕೊಂಡರು, ನಾನೂ ಸೇರಿಕೊಂಡೆ. ಎಲ್ಲರೂ ಒಟ್ಟಿಗೆ ದೇವರನಾಮ ಎತ್ತಿಕೊಂಡರು. ಆದರೆ ಒಬ್ಬರ ಸಾಲು ಇನ್ನೊಬ್ಬರಿಗೆ ತಡವಾಗಿ ತಲುಪುತ್ತಿತ್ತು, ತಾಳ ಸೇರಲಿಲ್ಲ. ಒಬ್ಬೊಬ್ಬರಾಗಿ ಸುಮ್ಮನಾದರು. ಕೊನೆಗೆ ಅವರಲ್ಲಿ ಎಲ್ಲರಿಗಿಂತ ಹಿರಿಯರಾದವರೊಬ್ಬರೇ ಹಾಡಿದರು. ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಹಾಕಿಕೊಂಡಿದ್ದರಂತೆ, ನಮಗೆ ಶ್ರುತಿ ಕೇಳಿಸಲೇ ಇಲ್ಲ. ಪಲ್ಲವಿ ಎರಡನೆಯ ಸಲ ಬಂದಾಗ ಅತ್ತೆ ಕೈ ಎತ್ತಿ ಏನೋ ಸನ್ನೆ ಮಾಡಿದರು. ಸಾಕು ಎನ್ನುತ್ತಿದ್ದಾರೆ ಎಂದುಕೊಂಡೆವು. ಸಿಸ್ಟರಿಗೆ ಅರ್ಥವಾಯಿತು. ಅವರು ಫೋನನ್ನು ಪಕ್ಕದ ಹಾಸಿಗೆಯ ಹೆಂಗಸಿಗೂ ಕೇಳುವಂತೆ ಆ ಕಡೆಗೆ ತಿರುಗಿಸಿದರು.

ಅತ್ತೆ ಮನೆಗೆ ಬರಲಿಲ್ಲ. ತಿಥಿಯ ದಿನ ಅವರ ಮಗಳು, “ಅವತ್ತು ರೆಕಾರ್ಡ್ ಮಾಡ್ಕೋಬೇಕಿತ್ತು ಅಣ್ಣಾ” ಎಂದಳು. ಕಳೆದುಕೊಂಡವರ ಮೊದಲ ಬಯಕೆಯೇ ಇದು. ಹೋದವರನ್ನು ಹಿಡಿದಿಡಲಾಗದಿದ್ದರೆ, ಹೋದವರ ಕಿವಿಗೆ ಬಿದ್ದದ್ದನ್ನಾದರೂ ಹಿಡಿದಿಡೋಣ ಎಂದು. ಅವಳನ್ನು ಸಮಾಧಾನಪಡಿಸುವ ಮಾತು ನನಗೆ ಅಂದು ತೋಚಲಿಲ್ಲ. ಆದರೆ ಹಿಡಿದಿಟ್ಟಿದ್ದರೆ ನಮ್ಮ ಕೈಗೆ ಸಿಗುತ್ತಿದ್ದುದು ಯಾವುದು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ.

ಧ್ವನಿಮುದ್ರಣವಾದ ಹಾಡಿಗೇನೂ ಬರವಿರಲಿಲ್ಲ. ಅದೇ ದೇವರನಾಮವನ್ನು ದೊಡ್ಡ ವಿದ್ವಾಂಸರು ಹಾಡಿದ್ದು ಅತ್ತೆಯ ಫೋನಿನಲ್ಲೇ ಇತ್ತು. ಶ್ರುತಿ ಶುದ್ಧ, ತಾಳ ಖಚಿತ. ನ್ಯೂಯಾರ್ಕಿನ ಆ ವಾರ್ಡುಗಳಲ್ಲೂ ಜಗತ್ತಿನ ಶ್ರೇಷ್ಠ ವಾದನವೆಲ್ಲ ಒಂದು ಬೆರಳಿನ ಅಳತೆಯಲ್ಲಿತ್ತು. ಹಾಗಿದ್ದೂ ಮನುಷ್ಯರು ಮನುಷ್ಯರನ್ನೇ ಕೇಳಿಕೊಂಡರು. ಮುದ್ರಿಕೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 2020ರ ಆಗಸ್ಟ್ 20ರ ಸಂಜೆ ಆರಕ್ಕೆ ಗಾಯಕ ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಅವರು ಗುಣವಾಗಲೆಂದು ಎಷ್ಟು ಮನೆಗಳಲ್ಲಿ ಅವರದೇ ಹಾಡುಗಳು ಮೊಳಗಿದವು! ಕನ್ನಡದ ಮನೆಗಳಲ್ಲೂ. ಮುದ್ರಣವಾದ ಧ್ವನಿ ಹೊರಗೆ ತುಂಬಿ ಹರಿಯುತ್ತಿತ್ತು. ಆ ಧ್ವನಿಯ ಒಡೆಯರು ಚೆನ್ನೈನ ಆಸ್ಪತ್ರೆಯಲ್ಲಿ ಯಂತ್ರದ ಉಸಿರಿನಲ್ಲಿ ಮಲಗಿದ್ದರು. ಸೆಪ್ಟೆಂಬರ್ 25ರಂದು ಅವರು ಹೋದರು, ಹಾಡು ಇಂದಿಗೂ ಇದೆ. ಮುದ್ರಿಕೆ ನಮಗೆ ಎಷ್ಟು ಕೊಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಆ ಸಂಜೆಯಷ್ಟು ಸ್ಪಷ್ಟವಾಗಿ ನನಗೆ ಇನ್ನೆಂದೂ ಕಂಡಿಲ್ಲ.

ಮುದ್ರಿಕೆ ಎಲ್ಲರಿಗೂ ಒಂದೇ. ನಾನು ಕೇಳಿದರೂ ಅದು ಅಷ್ಟೇ, ಕೇಳದಿದ್ದರೂ ಅಷ್ಟೇ. ಆದರೆ ಈ ಹೊತ್ತಿನಲ್ಲಿ ಯಾರೋ ನನಗೆಂದು ಹಾಡುತ್ತಿದ್ದಾರೆ ಎಂದರೆ, ಅವರ ಆಯುಷ್ಯದ ಕಾಲು ಗಂಟೆ ನನ್ನ ಆಯುಷ್ಯದ ಕಾಲು ಗಂಟೆಯ ಜೊತೆಗೆ ಖರ್ಚಾಗುತ್ತಿದೆ ಎಂದರ್ಥ. ಆ ಕಾಲು ಗಂಟೆ ಅವರಿಗೂ ಮರಳಿ ಬಾರದು, ನನಗೂ ಬಾರದು. ಅಳಿವೇ ಇಲ್ಲದವರು ಒಬ್ಬರಿಗೊಬ್ಬರು ಇಂಥದ್ದನ್ನು ಕೊಟ್ಟುಕೊಳ್ಳಲಾರರು. ಏನನ್ನೂ ಕಳೆದುಕೊಳ್ಳದವರ ಕೈಯಲ್ಲಿ ಕೊಡುವುದಕ್ಕೆ ಏನಿರುತ್ತದೆ?

ಇಂದಿನ ಕರೆಗಳ ತಂತ್ರಜ್ಞಾನ ಮಾತಿಗೆಂದು ಹುಟ್ಟಿದ್ದು, ಹಾಡಿಗಲ್ಲ. ಮಾತು ಏರಿಳಿಯುತ್ತದೆ, ನಿಲ್ಲುತ್ತದೆ. ಎಡೆಬಿಡದೆ ಒಂದೇ ಸಮ ಬರುವ ಸದ್ದನ್ನು ಅದು ಫ್ಯಾನಿನದೋ ಮೋಟಾರಿನದೋ ಎಂದು ತಿಳಿದು ಅಳಿಸಿಹಾಕುತ್ತದೆ. ತಂಬೂರಿಯ ನಾದವೂ ಅದರ ಪಾಲಿಗೆ ಅಂಥದ್ದೇ ಗದ್ದಲ. ನಮ್ಮ ಸಂಗೀತ ಯಾವುದರ ಮೇಲೆ ನಿಂತಿದೆಯೋ ಅದನ್ನೇ ಯಂತ್ರ ಮೊದಲು ತೆಗೆದುಹಾಕುತ್ತದೆ. ಇನ್ನು ದನಿ ಒಂದೆಡೆಯಿಂದ ಇನ್ನೊಂದೆಡೆಗೆ ತಲುಪಲು ಹಿಡಿಯುವ ಸಮಯ ಸೆಕೆಂಡಿನ ಒಂದು ಸಣ್ಣ ಅಂಶ. ಮಾತಿಗೆ ಅದು ಲೆಕ್ಕಕ್ಕಿಲ್ಲ, ತಾಳಕ್ಕೆ ಮಾತ್ರ ಅದೇ ಪ್ರಳಯ. ಆದ್ದರಿಂದಲೇ ದೂರದಿಂದ ನುಡಿಸುವವರು ಬೇರೆ ಬೇರೆ ಮನೆಗಳಲ್ಲಿದ್ದರೆ ಜೊತೆಗೂಡಿ ನುಡಿಸಲಾರರು. ಒಂಟಿಯಾದವರಿಗೆ ಒಂಟಿಯಾಗಿಯೇ ನುಡಿಸಬೇಕು.

ಒಂಟಿ ವಾದ್ಯ ಎಂದರೆ ಪಾಶ್ಚಾತ್ಯ ಸಂಗೀತದಲ್ಲಿ ಮೊದಲು ನೆನಪಾಗುವವನು ಬಾಖ್. ಅವನು 1720ರ ಬೇಸಿಗೆಯಲ್ಲಿ ತನ್ನ ಒಡೆಯನಾದ ರಾಜಕುಮಾರ ಲಿಯೋಪೋಲ್ಡನ ಜೊತೆ ಕಾರ್ಲ್ಸ್‌ಬಾದಿಗೆ ಹೋಗಿದ್ದ. ಹೊರಡುವಾಗ ಹೆಂಡತಿ ಮರಿಯಾ ಬಾರ್ಬರಾ ಆರೋಗ್ಯವಾಗಿದ್ದಳು. ಮರಳಿದಾಗ ಅವಳನ್ನು ಮಣ್ಣು ಮಾಡಿಯಾಗಿತ್ತು. ಜುಲೈ 7ರಂದು. ಒಂಟಿ ಪಿಟೀಲಿಗೆ ಬರೆದ ಆರು ಕೃತಿಗಳ ಅವನದೇ ಕೈಬರಹದ ಪ್ರತಿಯ ಮೇಲೆ ಅದೇ 1720ರ ಇಸವಿಯಿದೆ. ಆ ದುಃಖವೇ ಆ ಸಂಗೀತವಾಯಿತು ಎಂದು ಹೇಳುವವರಿದ್ದಾರೆ. ಅದಕ್ಕೆ ಪುರಾವೆಯಿಲ್ಲ, ನಾನು ಹಾಗೆ ಹೇಳಲಾರೆ. ಆದರೆ ಕೊನೆಯ ಹೊತ್ತಿನಲ್ಲಿ ಪಕ್ಕದಲ್ಲಿ ಇರಲಾಗದ ಸಂಕಟ ಮಹಾಮಾರಿಯ ಕಾಲದಲ್ಲಿ ಹೊಸದಾಗಿ ಹುಟ್ಟಿದ್ದಲ್ಲ ಎಂಬುದನ್ನು ನೆನೆಯದಿರುವುದು ಹೇಗೆ? ಇನ್ನು ಅವನ ಚೆಲ್ಲೋ ಕೃತಿಗಳು. ಅವುಗಳ ಮೂಲ ಹಸ್ತಪ್ರತಿ ಕಳೆದೇಹೋಗಿದೆ. ನಮಗೆ ದೊರೆತವು ಬೇರೆಯವರು ಮಾಡಿಕೊಂಡ ಪ್ರತಿಗಳು, ಅದರಲ್ಲೂ ಅವನ ಎರಡನೆಯ ಹೆಂಡತಿ ಆನಾ ಮ್ಯಾಗ್ಡಲೇನಾ ಬರೆದಿಟ್ಟದ್ದು. ಬರೆದವನ ಕೈ ಅಳಿಯಿತು, ಬರೆದ ಕಾಗದ ಅಳಿಯಿತು. ಯಾರೋ ಮತ್ತೆ ಕೂತು ನುಡಿಸುತ್ತಾರೆ ಎಂಬ ಕಾರಣಕ್ಕೆ ಅವು ಇವೆ.

ಆಸ್ಪತ್ರೆಗಳಲ್ಲಿ ಮಂಪರಿನಲ್ಲಿದ್ದವರಿಗೆ ಇದೆಲ್ಲ ಕೇಳಿಸಿತೇ? ಅತ್ತೆಯ ವಿಷಯದಲ್ಲಿ ನನಗೆ ಸಂಶಯವಿಲ್ಲ. ಉಳಿದವರ ವಿಷಯದಲ್ಲಿ ಒಂದು ಸಂಗತಿ ಇದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು, ಸಾವಿನ ಅಂಚಿನಲ್ಲಿ ಪ್ರತಿಕ್ರಿಯೆಯನ್ನೇ ಕಳೆದುಕೊಂಡಿದ್ದ ರೋಗಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದರು. ಸ್ವರಗಳ ವಿನ್ಯಾಸ ಬದಲಾದಾಗ ಅವರಲ್ಲಿ ಕೆಲವರ ಮಿದುಳು ಆರೋಗ್ಯವಂತರ ಮಿದುಳಿನಂತೆಯೇ ಸ್ಪಂದಿಸಿತು. 2020ರ ಜೂನ್‌ನಲ್ಲಿ ಇದು ಪ್ರಕಟವಾಯಿತು. ಕೇಳಿಸಿದ್ದು ಅವರ ಅರಿವಿಗೆ ಬಂತೇ ಎಂಬುದನ್ನು ಆ ಅಧ್ಯಯನ ಹೇಳಲಾರದು. ನಾವು ಬದುಕಿರುವವರಿಗೆ ಆಡುವ ಮಾತಿನ ಗತಿಯಾದರೂ ಬೇರೆಯೇ? ಎದುರಿಗಿದ್ದವರ ಒಳಕ್ಕೆ ಏನು ಇಳಿಯಿತು ಎಂದು ತಿಳಿಯದೆಯೇ ನಾವು ಜೀವನಪೂರ್ತಿ ಮಾತನಾಡುತ್ತೇವೆ, ಪ್ರೀತಿಸುತ್ತೇವೆ.

ದೂರದ ಸಂಗೀತದ ಆಸೆ ಹಳೆಯದು. 1881ರಲ್ಲಿ ಪ್ಯಾರಿಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾ ಆದೇರ್ ಎಂಬಾತ ಆಪೆರಾವನ್ನು ಟೆಲಿಫೋನ್ ತಂತಿಯಲ್ಲಿ ಕೇಳಿಸಿದ. ಮುಂದೆ ಥಿಯೇಟ್ರೋಫೋನ್ ಎಂಬ ಹೆಸರಿನಲ್ಲಿ ಅದು ಮನೆಗಳಿಗೂ ಬಂತು. ಆಸ್ತಮಾದಿಂದ ಹೆಚ್ಚಾಗಿ ಹಾಸಿಗೆಯಲ್ಲೇ ಇರುತ್ತಿದ್ದ ಕಾದಂಬರಿಕಾರ ಪ್ರೂಸ್ತ್ 1911ರಲ್ಲಿ ಅದಕ್ಕೆ ಚಂದಾ ಕಟ್ಟಿ, ತನ್ನ ಕೋಣೆಯಿಂದಲೇ ಆಪೆರಾ ಕೇಳಿದ. ಲಂಡನ್ನಿನಲ್ಲಿ ಇಂಥದೇ ‘ಎಲೆಕ್ಟ್ರೋಫೋನ್’ ಇತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಗಾಯಾಳು ಸೈನಿಕರು ಆಸ್ಪತ್ರೆಯಲ್ಲಿ ಅದರ ರಿಸೀವರನ್ನು ಕಿವಿಗಿಟ್ಟುಕೊಂಡು ರಂಗಭೂಮಿಯ ಹಾಡು ಕೇಳುತ್ತಿದ್ದರು. ರೇಡಿಯೊ ಬಂತು, 1925ರಲ್ಲಿ ಎಲೆಕ್ಟ್ರೋಫೋನ್ ನಿಂತುಹೋಯಿತು. ಅದೇ ವರ್ಷ ಇಂಗ್ಲೆಂಡಿನ ಯಾರ್ಕ್ ಊರಿನ ಆಸ್ಪತ್ರೆಯಲ್ಲಿ ರೋಗಿಗಳ ಹಾಸಿಗೆಗೆ ಹೆಡ್‌ಫೋನ್ ಅಳವಡಿಸಿ ಆಸ್ಪತ್ರೆ ರೇಡಿಯೊ ಶುರುಮಾಡಿದರು. ಒಂದು ಸಾಧನ ಸಾಯುತ್ತದೆ, ಇನ್ನೊಂದು ಹುಟ್ಟುತ್ತದೆ. ಒಂಟಿಯಾಗಿ ಮಲಗಿದವರ ಕಿವಿ ಮಾತ್ರ ಅಂದು ಕೇಳಿದ್ದನ್ನೇ ಇಂದೂ ಕೇಳುತ್ತದೆ.

ನಾವು ಬಿಡುವುದರಲ್ಲಿ ಚುರುಕು. ಮಹಾಮಾರಿ ಕಳೆದ ಮೇಲೆ ಮಾಸ್ಕು ಬಿಟ್ಟೆವು, ಬಾಗಿಲ ಬಳಿಯ ಸ್ಯಾನಿಟೈಸರ್ ಬಿಟ್ಟೆವು, ಅದು ಸಹಜ. ಆದರೆ ಆ ದಿನಗಳಲ್ಲಿ ಭಯದ ನಡುವೆ ಕಲಿತಿದ್ದ ದೂರದಿಂದ ಒಬ್ಬರಿಗಾಗಿ ಹಾಡುವ ಈ ಸೌಜನ್ಯವನ್ನೂ ಅವುಗಳ ಜೊತೆಗೇ ಬಿಟ್ಟೆವು. ಪ್ರತ್ಯೇಕ ಕೋಣೆಗಳು ಖಾಲಿಯಾಗಿಲ್ಲ. ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡವರು, ಸುಟ್ಟ ಗಾಯದವರು, ಔಷಧಕ್ಕೆ ಬಗ್ಗದ ಕ್ಷಯ ತಗಲಿದವರು ಇಂದಿಗೂ ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ ವಾರಗಟ್ಟಲೆ ಮಲಗಿರುತ್ತಾರೆ. ಅವರ ಪಾಲಿಗೆ 2020 ಮುಗಿದಿಲ್ಲ.

ಆಸ್ಪತ್ರೆಗಳನ್ನು ನಡೆಸುವವರಲ್ಲಿ ನನ್ನ ವಿನಂತಿ: ಔಷಧದ ಹೊತ್ತುಗಳ ನಡುವೆ ಇಂಥ ಹಾಡಿಗೂ ಕಾಲು ಗಂಟೆ ಇಡಿ, ಫೋನು ಹಿಡಿಯುವ ಸಿಸ್ಟರಿನ ಆ ಕಾಲು ಗಂಟೆಯನ್ನು ಕೆಲಸವೆಂದೇ ಲೆಕ್ಕಕ್ಕೆ ತೆಗೆದುಕೊಳ್ಳಿ. ನಮ್ಮ ಊರೂರಿನ ಸಂಗೀತಶಾಲೆಗಳಲ್ಲಿ, ಭಜನಾ ಮಂಡಳಿಗಳಲ್ಲಿ ಹಾಡುವವರಿಗೆ ಕೊರತೆಯಿಲ್ಲ. ಕರೆ ಮಾಡುವ ಮುನ್ನ ಸೆಟಿಂಗ್ಸಿಗೆ ಹೋಗಿ ಹಿನ್ನೆಲೆಯ ಸದ್ದು ತಗ್ಗಿಸುವ ಆಯ್ಕೆಯಿದ್ದರೆ ಅದನ್ನು ಆಫ್ ಮಾಡಿ, ಶ್ರುತಿಯೂ ತಲುಪುತ್ತದೆ. ಒಬ್ಬರೇ ಹಾಡಿ. ಆಮೇಲೆ ಫೋನನ್ನು ಪಕ್ಕದ ಹಾಸಿಗೆಯ ಕಡೆಗೂ ತಿರುಗಿಸಲು ಹೇಳಿ.