ಮಗುವಿನ ಪರವಾಗಿ ನುಡಿಯುವ ಹೊಣೆ

ತನ್ನ ಪರವಾಗಿ ತಾನೇ ವಾದಿಸಲಾರದ ಮಗುವಿನ ಹಿತವನ್ನು ಕುರಿತು ಹಿರಿಯರು ಸಭೆಗೂಡಿದಾಗ, ತಂದೆತಾಯಿಗಳು ಅಲ್ಲಿ ಯಾವ ಅಧಿಕಾರದಿಂದ ನುಡಿಯತಕ್ಕದ್ದು? ವಾತ್ಸಲ್ಯವೊಂದೇ ಆ ಅಧಿಕಾರವನ್ನು ಕೊಡಬಲ್ಲುದೆ? ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಪ್ರತಿವರ್ಷವೂ ಅನೇಕ ಗೃಹಗಳಲ್ಲಿ ಏಳುವ ಪ್ರಶ್ನೆಯಿದು.

1975ರಲ್ಲಿ ಆ ದೇಶದ ಶಾಸನಸಭೆಯು ಕಂಡುಕೊಂಡಂತೆ, ದೇಹದಲ್ಲಿಯೋ ಬುದ್ಧಿಯಲ್ಲಿಯೋ ನ್ಯೂನತೆಯುಳ್ಳ 80 ಲಕ್ಷಕ್ಕೂ ಮಿಕ್ಕ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ತಕ್ಕ ಶಿಕ್ಷಣವಿರಲಿಲ್ಲ. 10 ಲಕ್ಷ ಮಕ್ಕಳಿಗೆ ಸಾರ್ವಜನಿಕ ಶಾಲೆಯ ಬಾಗಿಲೇ ಮುಚ್ಚಿತ್ತು. ಆ ವರ್ಷದ ಶಾಸನವು ಬಾಗಿಲನ್ನು ತೆರೆದುದಲ್ಲದೆ, ಅಂತಹ ಪ್ರತಿಯೊಂದು ಮಗುವಿಗೂ ಪ್ರತ್ಯೇಕವಾದ ಶಿಕ್ಷಣಯೋಜನೆಯನ್ನು ಬರೆದಿಡಬೇಕೆಂದೂ, ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಶೀಲಿಸಬೇಕೆಂದೂ, ಆ ಸಭೆಯಲ್ಲಿ ಉಪಾಧ್ಯಾಯರೊಡನೆ ತಂದೆತಾಯಿಗಳಿಗೂ ಸ್ಥಾನವಿರಬೇಕೆಂದೂ ವಿಧಿಸಿತು.

ಸ್ಥಾನ ದೊರೆತ ಮಾತ್ರಕ್ಕೆ ಯೋಗ್ಯತೆ ದೊರೆಯುವುದಿಲ್ಲ. ಅದು ಸಿದ್ಧತೆಯಿಂದ ಬರತಕ್ಕದ್ದು. ಶಾಲೆಯ ದಾಖಲೆಗಳನ್ನು ಸಭೆಗೆ ಮುಂಚೆಯೇ ನೋಡುವ ಹಕ್ಕು ತಂದೆತಾಯಿಗಳಿಗುಂಟು. ಅವನ್ನು ಓದಿ, ಮಗು ಮನೆಯಲ್ಲಿ ಯಾವುದನ್ನು ತಾನೇ ಮಾಡಬಲ್ಲುದು, ಎಲ್ಲಿ ತಡವರಿಸುತ್ತದೆ, ಯಾವ ನೆರವಿನಿಂದ ಮುಂದುವರಿಯುತ್ತದೆ ಎಂಬುದನ್ನು ಗುರುತುಮಾಡಿಕೊಳ್ಳಬೇಕು. “ಓದು ಹತ್ತುವುದಿಲ್ಲ” ಎಂದು ಕೊರಗುವ ತಾಯಿಗಿಂತ, “ಕಥೆಯನ್ನು ಓದಿ ಹೇಳಿದರೆ ತಿಳಿದುಕೊಳ್ಳುತ್ತಾನೆ, ಅಕ್ಷರಗಳನ್ನು ಕೂಡಿಸುವಾಗ ಮಾತ್ರ ನಿಂತುಬಿಡುತ್ತಾನೆ” ಎನ್ನುವ ತಾಯಿಯಿಂದ ಮಗುವಿಗೆ ಉಪಕಾರ ಹೆಚ್ಚು. ಯೋಜನೆಯ ಗುರಿಗಳು ಅಳೆಯಬಲ್ಲವಾಗಿರಬೇಕೆಂಬುದು ವಿಧಿ, ಕೊರಗನ್ನು ಅಳೆಯಲಾಗದು.

ಇದಕ್ಕಿಂತ ಕಠಿನವಾದ ಸಿದ್ಧತೆ ಒಳಗಿನದು. ಮಗುವಿನ ಅಗತ್ಯವಾವುದು, ತನ್ನ ಅಭಿಮಾನವಾವುದು ಎಂಬುದನ್ನು ಬೇರ್ಪಡಿಸಿ ನೋಡಬೇಕು. ನೆರೆಯ ಮಕ್ಕಳಂತೆಯೇ ಕಾಣಲೆಂಬ ಆಸೆಯಿಂದ ಬೇಕಾದ ನೆರವನ್ನು ನಿರಾಕರಿಸುವವರುಂಟು. ನೊಂದೀತೆಂಬ ಭಯದಿಂದ ಮಗು ಮಾಡಬಲ್ಲುದನ್ನೂ ಬೇಡವೆನ್ನುವವರುಂಟು. ಎರಡೂ ವಾತ್ಸಲ್ಯದ ವೇಷದಲ್ಲಿಯೇ ಬರುತ್ತವೆ. ಮಗುವಿನ ಶಕ್ತಿಯನ್ನೆಲ್ಲ ಪರಮಾವಧಿಗೆ ಮುಟ್ಟಿಸುವ ಹೊಣೆಯನ್ನು ಶಾಸನವು ಶಾಲೆಗೆ ಹೊರಿಸಿಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ತೀರ್ಮಾನಿಸಿತು. ಹೆಸರಿಗಷ್ಟೆ ಆಗುವ ಪ್ರಗತಿಯೂ ಸಾಲದು, ಮಗುವಿನ ಸ್ಥಿತಿಗೆ ತಕ್ಕ ಪ್ರಗತಿಯಾಗುವಂತೆ ಯೋಜನೆಯಿರಬೇಕೆಂದು 2017ರಲ್ಲಿ ಹೇಳಿತು. ಅತ್ಯಾಶೆಗೂ ನಿರಾಶೆಗೂ ನಡುವಣ ಈ ದಾರಿಯನ್ನು ನ್ಯಾಯಾಲಯವು ತೋರಬಲ್ಲುದು. ಅದರಲ್ಲಿ ನಡೆಯಬೇಕಾದವರು ಮಗುವನ್ನು ಬಲ್ಲವರು.

ಅಲ್ಲಿ ನೆಲಸಿರುವ ಕನ್ನಡಿಗರಿಗೆ ಮತ್ತೊಂದು ಸಂಕೋಚವೂ ತೋರಬಹುದು: ಗುರುವಿಗೆ ಎದುರಾಡಬಾರದೆಂಬ ಸಂಸ್ಕಾರ. ಆದರೆ ಗುರುವು ಕಾಣದುದನ್ನು ಆತನಿಗೆ ತಿಳಿಸುವುದು ಅವಿನಯವಲ್ಲ. ತಿಳಿದೂ ಸುಮ್ಮನಿರುವುದು ವಿನಯವಲ್ಲ. ಇಂಗ್ಲಿಷ್ ಬಾರದ ತಂದೆತಾಯಿಗಳಿಗೆ ದುಭಾಷಿಯನ್ನು ಒದಗಿಸುವುದು ಶಾಲೆಯ ಕರ್ತವ್ಯವೆಂದೇ ನಿಯಮವಿದೆ.

ಯುಕ್ತವೆಂದು ಕಂಡಾಗ ಮಗುವೂ ಆ ಸಭೆಯ ಸದಸ್ಯನೇ ಎಂದು ಶಾಸನವು ಹೇಳುತ್ತದೆ. ಮೊದಲ ಪ್ರಶ್ನೆಗೆ ಉತ್ತರವು ಇಲ್ಲಿಯೇ ಅಡಗಿದೆ. ತಂದೆತಾಯಿಗಳ ಅಧಿಕಾರವು ಮಗುವಿನಿಂದ ಎರವಲು ಪಡೆದದ್ದು. ಅದು ತಾನೇ ನುಡಿಯಬಲ್ಲ ದಿನ ಹಿಂದಿರುಗಿಸತಕ್ಕದ್ದು. ಆ ದಿನವನ್ನು ಎಂದೂ ಕಾಣಲಾರದ ಮಕ್ಕಳೂ ಉಂಟು. ಅವರ ವಿಷಯದಲ್ಲಿ ಅಧಿಕಾರವು ಹೆಚ್ಚುವುದಿಲ್ಲ, ಹೊಣೆಯು ಹೆಚ್ಚುತ್ತದೆ. ಮಾತಿಲ್ಲದ ಮಗುವಿನ ಇಷ್ಟಾನಿಷ್ಟಗಳನ್ನು ಅದರ ಮುಖದಿಂದಲೇ ಅರಿತು ಸಭೆಗೆ ಹೋಗುವುದು ಹೆತ್ತವರ ಧರ್ಮ.