ಹಿಂದಿನ ಸವಾರನ ರೂಢಿಗಳು

ಹಳೆಯ ಗಾಡಿ ಮಾರುವವರ ಮಾತು ಎಲ್ಲ ದೇಶದಲ್ಲೂ ಒಂದೇ. "ನಿಲ್ಲಿಸುವಾಗ ಚೆನ್ನಾಗೇ ಓಡ್ತಿತ್ತು." "ಕಾರ್ಬುರೇಟರ್ ಒಂದು ಕ್ಲೀನ್ ಮಾಡಿಸಿದ್ರೆ ಸಾಕು." "ನಂಗೆ ಟೈಮ್ ಸಿಗಲ್ಲ, ಇಲ್ದಿದ್ರೆ ಯಾರು ಕೊಡ್ತಿದ್ರು?" ಬೆಂಗಳೂರಿನ ಗ್ಯಾರೇಜುಗಳ ಮುಂದೆ ಎಷ್ಟೋ ಸಲ ಕೇಳಿದ ಇವೇ ಮಾತುಗಳನ್ನು ಅರಿಜೋನಾದಲ್ಲಿ, ಫೀನಿಕ್ಸ್ ನಗರದ ಹೊರವಲಯದ ಒಂದು ಮನೆಯಂಗಳದಲ್ಲಿ, ಇಂಗ್ಲಿಷಿನಲ್ಲಿ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಮಾರಾಟಕ್ಕಿದ್ದದ್ದು ಬೈಕಲ್ಲ, ನೀರಿನ ಮೇಲೆ ನಿಂತುಕೊಂಡು ಓಡಿಸುವ ಜೆಟ್ ಸ್ಕೀ. ಕೊಳ್ಳಲು ಹೊರಟಿದ್ದವನು ದಾವಣಗೆರೆಯ ನನ್ನ ಹಳೆಯ ಗೆಳೆಯ. ಕಾಲೇಜಿನ ದಿನಗಳಲ್ಲಿ ಆರ್‌ಎಕ್ಸ್ 100 ಬಿಚ್ಚಿ ಜೋಡಿಸುವುದರಲ್ಲೇ ಅರ್ಧ ಹಾಜರಾತಿ ಕಳೆದುಕೊಂಡವನು, ಈಗ ಅಲ್ಲಿ ಚಿಪ್ ಕಂಪನಿಯೊಂದರ ಎಂಜಿನಿಯರ್.

ಮಲ್ಪೆಯಲ್ಲೋ ಮುರ್ಡೇಶ್ವರದಲ್ಲೋ ದುಡ್ಡು ಕೊಟ್ಟು ಒಂದು ಸುತ್ತು ಹೋಗಿಬರುತ್ತೇವಲ್ಲ, ಆ ಜೆಟ್ ಸ್ಕೀಗೆ ಸೀಟು ಇರುತ್ತದೆ. ಹಿಂದೆ ಇನ್ನೊಬ್ಬರು ಕೂರಬಹುದು. ಇದಕ್ಕೆ ಸೀಟೇ ಇಲ್ಲ. ಮುಂದೆ ಎಂಜಿನ್ ಡಬ್ಬಿ, ಹಿಂದೆ ಕಾಲಿಡಲು ತೊಟ್ಟಿಯಂಥ ಜಾಗ, ನಡುವೆ ಮೇಲೆ ಕೆಳಗೆ ಆಡುವ ಉದ್ದನೆಯ ಹ್ಯಾಂಡಲ್ ಕಂಬ. ಬ್ರೇಕಿಲ್ಲ. ಥ್ರಾಟಲ್ ಬಿಟ್ಟರೆ ತಿರುಗುವುದೂ ಇಲ್ಲ, ಏಕೆಂದರೆ ಹಿಂದಿನ ನಳಿಕೆಯಿಂದ ಚಿಮ್ಮುವ ನೀರೇ ಅದರ ಚುಕ್ಕಾಣಿ. ನಿಂತಿರುವಷ್ಟು ಹೊತ್ತು ಇದು ಬೋರಲು ಬೀಳಲು ನೋಡುತ್ತಿರುತ್ತದೆ. ಓಡತೊಡಗಿದ ಮೇಲಷ್ಟೇ ನೆಟ್ಟಗಾಗುವುದು.

ಇದರ ಮೂಲಪುರುಷ ಕ್ಲೇಟನ್ ಜೇಕಬ್‌ಸನ್ ಮೋಟೋಕ್ರಾಸ್ ಸವಾರ. ಬೈಕಿನಿಂದ ಗಟ್ಟಿ ನೆಲಕ್ಕೆ ಬಿದ್ದೂ ಬಿದ್ದೂ ಸಾಕಾಗಿ, ಬೀಳುವುದೇ ಆದರೆ ನೀರಿಗೆ ಬೀಳೋಣ ಎಂದುಕೊಂಡು 1960ರ ದಶಕದ ನಡುವೆ ತನ್ನ ಕೈಯಾರೆ ಮೊದಲ ಮಾದರಿಗಳನ್ನು ಕಟ್ಟಿದ. 1968ರಲ್ಲಿ ಕೆನಡಾದ ಬೊಂಬಾರ್ಡಿಯೇ ಕಂಪನಿ ಕೂತು ಓಡಿಸುವ ಸೀ-ಡೂ ತಂದಿತು; ಅದು ಆಗ ಹೆಚ್ಚು ದಿನ ಬಾಳಲಿಲ್ಲ. 1970ರ ದಶಕದ ಆರಂಭದಲ್ಲಿ ಕವಾಸಾಕಿ ನಿಂತು ಓಡಿಸುವುದನ್ನು ಮಾರುಕಟ್ಟೆಗೆ ಬಿಟ್ಟಿತು, ಇದು ನಿಂತಿತು. ಯಮಹಾ ನಿಂತು ಓಡಿಸುವ ಈ ಆಟಕ್ಕೆ ಇಳಿದದ್ದು 1990ರಲ್ಲಿ, ಸೂಪರ್‌ಜೆಟ್ ಎಂಬ ಹೆಸರಿನಲ್ಲಿ. ಈ ಸವಾರರ ದೊಡ್ಡ ಜಾತ್ರೆಯಂಥ ವಿಶ್ವ ಸ್ಪರ್ಧೆ ದಶಕಗಳ ಕಾಲ ನಡೆದದ್ದು ಅರಿಜೋನಾದ ಲೇಕ್ ಹವಾಸು ನಗರದಲ್ಲಿ. ಆ ಊರಿನ ಕಥೆಯೂ ಸ್ವಾರಸ್ಯದ್ದೇ. ಗರಗಸದ ಎಂಜಿನ್ ಮಾಡಿ ಹಣ ಗಳಿಸಿದ ರಾಬರ್ಟ್ ಮೆಕಲಾಕ್ ಎಂಬ ಉದ್ಯಮಿ ಮರುಭೂಮಿಯ ನಡುವೆ ಅದನ್ನು ಕಟ್ಟಿಸಿ, ಜನರನ್ನು ಸೆಳೆಯಲು ಲಂಡನ್ನಿನ ಹಳೆಯ ಸೇತುವೆಯನ್ನು 1968ರಲ್ಲಿ ಕೊಂಡು, ಅದರ ಹೊರಮೈಯ ಕಲ್ಲುಗಳನ್ನು ಹಡಗಿನಲ್ಲಿ ತರಿಸಿ ಮತ್ತೆ ನಿಲ್ಲಿಸಿದ. ಸೆಕೆಂಡ್ ಹ್ಯಾಂಡ್ ವ್ಯಾಪಾರ ಎಂದರೆ ಅದು!

ಸೂಪರ್‌ಜೆಟ್ 2020ರವರೆಗೂ ಟೂ ಸ್ಟ್ರೋಕ್ ಆಗಿಯೇ ಬಂತು. ಈಗಿನ ಫೋರ್ ಸ್ಟ್ರೋಕ್ ಯಂತ್ರಗಳು ಶುದ್ಧ, ಬಲಶಾಲಿ, ಆದರೆ ಭಾರ ಮತ್ತು ದುಬಾರಿ. ಹಾಗಾಗಿ ಹಳೆಯ ಟೂ ಸ್ಟ್ರೋಕಿಗೆ ಅಲ್ಲಿ ಬೇಡಿಕೆ ಇಳಿದಿಲ್ಲ. ನಮ್ಮಲ್ಲಿ 1985ರಿಂದ 1996ರವರೆಗೆ ತಯಾರಾದ ಆರ್‌ಎಕ್ಸ್ 100ಕ್ಕೆ ಇವತ್ತಿಗೂ ಜನ ಮುಗಿಬೀಳುವುದು ಇಂಥದ್ದೇ ಮೋಹಕ್ಕೆ. ಗೆಳೆಯನಂತೂ ಆ ಜೆಟ್ ಸ್ಕೀಯ ಡಬ್ಬಿ ತೆರೆದು, ಪೆಟ್ರೋಲಿನಲ್ಲಿ ಬೆರೆತ ಟೂಟಿ ಆಯಿಲಿನ ವಾಸನೆ ಮೂಗಿಗೆ ಬಡಿದ ಕ್ಷಣದಲ್ಲೇ ಅರ್ಧ ಸೋತಿದ್ದ. ಇಂಥ ಹೊತ್ತಿನಲ್ಲಿ ಪಕ್ಕದಲ್ಲಿ ಸೋಲದ ಒಬ್ಬ ಇರಬೇಕು. ನಾನು ಟಾರ್ಚ್ ಹಿಡಿದುಕೊಂಡೆ.

ಹಳೆಯ ಯಂತ್ರ ಕೊಳ್ಳುವವರು ಹಣ ಕೊಡುವುದು ಯಂತ್ರಕ್ಕೆ, ಮನೆಗೆ ತರುವುದು ಮಾತ್ರ ಹಿಂದಿನ ಸವಾರನ ರೂಢಿಗಳನ್ನು. ಆತ ಓಡಿಸಿ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯುತ್ತಿದ್ದನೇ? ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟು ವರ್ಷಗಟ್ಟಲೆ ನಿಲ್ಲಿಸಿದ್ದನೇ? ಎಣ್ಣೆಯನ್ನು ಅಳೆದು ಬೆರೆಸುತ್ತಿದ್ದನೋ, ಅಂದಾಜಿಗೆ ಸುರಿಯುತ್ತಿದ್ದನೋ? ಇದು ಯಾವ ಕಾಗದದಲ್ಲೂ ಇರುವುದಿಲ್ಲ. ಮಾರುವವನನ್ನು ಕೇಳಿ ಪ್ರಯೋಜನವಿಲ್ಲ. ಸುಳ್ಳು ಹೇಳುತ್ತಾನೆ ಅಂತಲ್ಲ, ಎಷ್ಟೋ ಸಲ ಅವನಿಗೂ ನೆನಪಿರುವುದಿಲ್ಲ.

"ಕೆರೆಯ ನೀರಲ್ಲಿ ಮಾತ್ರ ಓಡಿಸಿದ್ದು, ಉಪ್ಪುನೀರು ಕಂಡೇ ಇಲ್ಲ" ಎಂದ ಆತ. ಯಂತ್ರದ ಬದಿಯಲ್ಲಿ ಅರಿಜೋನಾದ ನೋಂದಣಿಯ 'ಎಜೆಡ್' ಅಕ್ಷರಗಳಿದ್ದವು. ಅವುಗಳ ಕೆಳಗೆ ಟಾರ್ಚನ್ನು ಓರೆಯಾಗಿ ಹಿಡಿದರೆ, ಕಿತ್ತುಹಾಕಿದ ಬೇರೆ ಸ್ಟಿಕ್ಕರಿನ ಗುರುತು: ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿ, ಸ್ಟಿಕ್ಕರ್ ಇದ್ದಷ್ಟು ಜಾಗ ಮಾತ್ರ ಹೊಸದಾಗಿ ಉಳಿದು, 'ಸಿಎಫ್' ಎಂದು ಓದಬಹುದಿತ್ತು. ಸಿಎಫ್ ಎಂದರೆ ಕ್ಯಾಲಿಫೋರ್ನಿಯಾದ ನೋಂದಣಿ. ಅಲ್ಲೂ ಸರೋವರಗಳಿವೆ, ಇದೊಂದೇ ಸಾಕ್ಷಿ ಸಾಲದು. ಆದರೆ ಹಿಂದಿನ ಪಂಪಿನ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಹೂವಿನಂತೆ ಅರಳಿತ್ತು. ಬೋಲ್ಟಿನ ತಲೆಗಳು ತಿಂದುಹೋಗಿದ್ದವು. ಸ್ಟೀರಿಂಗ್ ಕೇಬಲ್ ಎಳೆದರೆ ಕರಕರ ಎನ್ನುತ್ತಿತ್ತು. ಸಮುದ್ರ ಕಂಡ ಯಂತ್ರವೇ ಅದು. ಬಹುಶಃ ಈತನಿಗಿಂತ ಹಿಂದಿನವನ ಕಾಲದಲ್ಲಿ.

ಎರಡನೆಯ ಪರೀಕ್ಷೆ ಇನ್ನೂ ಸರಳ: ಎತ್ತಿ ನೋಡುವುದು. ಇದರಂಥ 1990ರ ದಶಕದ ಕೊನೆಯ ಸೂಪರ್‌ಜೆಟ್ ಪೆಟ್ರೋಲಿಲ್ಲದೆ ಸುಮಾರು 130 ಕೆ.ಜಿ. ತೂಗಬೇಕು. ಮುಳುಗದಿರಲಿ ಎಂದು ಅದರ ಒಡಲಿನೊಳಗೆ ಫೋಮ್ ತುಂಬಿರುತ್ತಾರೆ. ಎಲ್ಲೋ ಒಂದು ಬೋಲ್ಟಿನ ಸೀಲು ಸಡಿಲವಾದರೆ ಆ ಫೋಮ್ ವರ್ಷಾನುಗಟ್ಟಲೆ ನೀರು ಕುಡಿಯುತ್ತದೆ, ಒಮ್ಮೆ ಕುಡಿದದ್ದನ್ನು ಬಿಡುವುದಿಲ್ಲ. ಅಂಗಳದಲ್ಲಿ ಒಣಗಿ ನಿಂತಂತೆ ಕಂಡ ಆ ಯಂತ್ರದ ಹಿಂಬದಿಯನ್ನು ನಾವಿಬ್ಬರೂ ಸೇರಿ ಎತ್ತಲಾಗಲಿಲ್ಲ. ಹಾಗೆ ನೆಂದ ಫೋಮನ್ನು ಕೊರೆದು ತೆಗೆದು, ಮಕ್ಕಳು ಈಜುಕೊಳದಲ್ಲಿ ಹಿಡಿದು ತೇಲುವ ಬಣ್ಣಬಣ್ಣದ ಫೋಮ್ ಕೋಲುಗಳನ್ನು ತುರುಕುವವರಿದ್ದಾರೆ. ಕೇಳಲು ತಮಾಷೆ, ಕೆಲಸಕ್ಕೆ ಒದಗುತ್ತದೆ.

ಮೂರನೆಯದು ಕಂಪ್ರೆಷನ್. ಎರಡು ಪ್ಲಗ್ ಬಿಚ್ಚಿ, ವೈರುಗಳನ್ನು ಅರ್ಥ್ ಮಾಡಿ, ಗೇಜ್ ತಿರುಗಿಸಿ, ಥ್ರಾಟಲ್ ಪೂರ್ತಿ ತೆರೆದು ಸ್ಟಾರ್ಟರ್ ಒತ್ತಬೇಕು. ಇಂಥ ಎಂಜಿನ್ನಿನಲ್ಲಿ ಅಂಕಿ ಎಷ್ಟು ಬಂತು ಎನ್ನುವಷ್ಟೇ ಮುಖ್ಯ ಎರಡು ಸಿಲಿಂಡರುಗಳ ನಡುವಿನ ಅಂತರ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಳಗೆ ಏನೋ ಆಗಿದೆ ಎಂದೇ ಲೆಕ್ಕ. ಮುಂದಿನದು 145 ತೋರಿಸಿತು, ಹಿಂದಿನದು 115ರಲ್ಲಿ ನಿಂತಿತು. ಮಾರುವವನ ಮುಖ ನೋಡಿದೆ. ಆತ ಗೇಜನ್ನು ಬೆರಳಿನಿಂದ ತಟ್ಟಿ, "ಗೇಜೇ ಸರಿಯಿಲ್ಲವೇನೋ" ಎಂದ. ನಾವು ಮತ್ತೊಮ್ಮೆ ಮಾಡಿ ತೋರಿಸಿದೆವು. ಆಮೇಲೆ ಚೌಕಾಸಿ ಬೇಗ ಮುಗಿಯಿತು. ಹಿಂಭಾಗದಲ್ಲಿ ಕೆತ್ತಿದ ಹನ್ನೆರಡು ಅಕ್ಷರಗಳ ಗುರುತಿನ ಸಂಖ್ಯೆ ನೋಂದಣಿ ಪತ್ರಕ್ಕೆ ತಾಳೆಯಾಗುತ್ತದೆಯೇ ಎಂದು ಓದಿಕೊಂಡು, ಮೂರನೆಯವರೊಬ್ಬರನ್ನು ಕರೆದು ಟ್ರೈಲರಿಗೆ ಏರಿಸಿದ್ದಾಯಿತು.

ಗ್ಯಾರೇಜಿನಲ್ಲಿ ಬಿಚ್ಚಿದಾಗ ಹಿಂದಿನ ಪಿಸ್ಟನ್ನಿನ ಎಕ್ಸಾಸ್ಟ್ ಕಡೆಯಲ್ಲಿ ಮೇಲಿನಿಂದ ಕೆಳಗೆ ಗೀರು. ನಮ್ಮ ಮೆಕ್ಯಾನಿಕ್‌ಗಳ ಭಾಷೆಯಲ್ಲಿ "ಬೋರ್‌ಗೆ ಬಂದಿದೆ". ಸಿಲಿಂಡರ್ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಎಂಜಿನ್ ಮೇಲ್ಭಾಗ ಹೊಸದಾಗುತ್ತದೆ, ಅದು ಕಷ್ಟದ ಕೆಲಸವೇನಲ್ಲ. ಬಹಳ ಜನ ಇಲ್ಲಿಗೇ ನಿಲ್ಲಿಸಿ, ಹೊಸ ಪಿಸ್ಟನ್ನನ್ನೂ ಸುಟ್ಟುಕೊಳ್ಳುತ್ತಾರೆ. ಗೀರು ಬಿದ್ದದ್ದು ಯಾಕೆ ಎಂದು ಕೇಳದಿದ್ದರೆ ಬೋರ್ ಮಾಡಿಸಿದ್ದು ದಂಡ. ಟೂ ಸ್ಟ್ರೋಕಿನಲ್ಲಿ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲೇ, ಐವತ್ತಕ್ಕೆ ಒಂದು ಪಾಲು. ಪೆಟ್ರೋಲ್ ಕಡಿಮೆಯಾಯಿತೆಂದರೆ ಎಣ್ಣೆಯೂ ಕಡಿಮೆಯಾಯಿತು; ಶಾಖ ಏರಿ, ಪಿಸ್ಟನ್ ಹಿಗ್ಗಿ ಗೋಡೆಗೆ ಉಜ್ಜುತ್ತದೆ.

ಪೆಟ್ರೋಲ್ ಕಡಿಮೆಯಾಗಲು ದಾರಿಗಳು ಎರಡು. ಒಂದು, ಕಾರ್ಬುರೇಟರ್ ಕಟ್ಟಿಕೊಳ್ಳುವುದು. ಇದರ ಮಿಕುನಿ ಕಾರ್ಬುರೇಟರಿನಲ್ಲಿ ಬೈಕಿನಂತೆ ಫ್ಲೋಟ್ ಇರುವುದಿಲ್ಲ, ಮಗುಚಿ ಬೀಳುವ ಯಂತ್ರಕ್ಕೆ ಅದು ಆಗಿಬರುವುದಿಲ್ಲ. ಆ ಕೆಲಸವನ್ನು ತೆಳುವಾದ ಡಯಾಫ್ರಮ್ ಮಾಡುತ್ತದೆ. ಬಿಚ್ಚಿದಾಗ ಅದು ಸೆಟೆದು ಹಪ್ಪಳವಾಗಿತ್ತು. ಒಳಗಿನ ಉಗುರಗಲದ ಜಾಲರಿಯಲ್ಲಿ ಕಂದು ಅಂಟು. ಎಥೆನಾಲ್ ಬೆರೆತ ಪೆಟ್ರೋಲನ್ನು ಹಾಗೇ ಬಿಟ್ಟು ಹೋದವರ ಗುರುತು ಅದು. ಇ20 ಬಂದ ಮೇಲೆ ನಮ್ಮಲ್ಲೂ ಹಳೆಯ ಬೈಕಿನವರು ಇದನ್ನೇ ಮಾತಾಡಿಕೊಳ್ಳುತ್ತಿದ್ದಾರೆ. ಇನ್ನೊಂದು ದಾರಿ ಕಣ್ಣಿಗೆ ಬೀಳದ್ದು. ಕ್ರ್ಯಾಂಕ್ ಶಾಫ್ಟಿನ ತುದಿಯ ರಬ್ಬರ್ ಸೀಲು ವರ್ಷಗಟ್ಟಲೆ ನಿಂತು ಒಣಗಿದರೆ, ಅಲ್ಲಿಂದ ಗಾಳಿ ನುಗ್ಗಿ ಮಿಶ್ರಣವನ್ನು ತೆಳುವಾಗಿಸುತ್ತದೆ. ಗೆಳೆಯ ಎಂಜಿನ್ನಿನ ಬಾಯಿಗಳನ್ನೆಲ್ಲ ಮುಚ್ಚಿ, ಕೈಪಂಪಿನಿಂದ ಒಳಗೆ ಸ್ವಲ್ಪವೇ ಗಾಳಿ ಹಾಕಿ, ಸೀಲಿನ ಸುತ್ತ ಸೋಪುನೀರು ಸವರಿದ. ಮೊದಲು ಏನೂ ಇಲ್ಲ. ಆಮೇಲೆ ಹಿಂದಿನ ಸೀಲಿನ ಅಂಚಿನಲ್ಲಿ ಒಂದು ಗುಳ್ಳೆ ಎದ್ದು, ಒಡೆದು, ಇನ್ನೊಂದು ಎದ್ದಿತು. ಇಷ್ಟು ಗಾಳಿ ಒಂದು ಪಿಸ್ಟನ್ನನ್ನು ತಿಂದಿತ್ತು.

ಉಳಿದದ್ದು ಬಿಡಿಸಿ ಹೇಳುವಂಥದ್ದಲ್ಲ. ಪಂಪಿನೊಳಗೆ ನೀರು ತಳ್ಳುವ ಇಂಪೆಲ್ಲರಿಗೂ ಅದರ ಸುತ್ತಲಿನ ಉಂಗುರಕ್ಕೂ ನಡುವೆ ಕಾಗದ ತೂರುವಷ್ಟೇ ಸಂದಿ ಇರಬೇಕು. ಮರಳು, ಬೆಣಚುಕಲ್ಲು ಹೀರಿ ಅದು ಅಗಲವಾದರೆ ಎಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಅದನ್ನೂ ಬದಲಾಯಿಸಿದ್ದಾಯಿತು. ನನಗೆ ಸಿಟ್ಟು ಬಂದದ್ದು ಸಿಲಿಕೋನ್ ಕಂಡು. ಹಿಂದಿನ ಯಾರೋ ಒಬ್ಬರು ಗ್ಯಾಸ್ಕೆಟ್ ಕೊಳ್ಳುವ ಬದಲು ಎಲ್ಲ ಕಡೆ ಬಾತ್‌ರೂಮಿನ ಸಿಲಿಕೋನ್ ಮೆತ್ತಿದ್ದರು. ಪೆಟ್ರೋಲ್ ತಾಗಿದಲ್ಲಿ ಅದು ಉಬ್ಬಿ, ಚೂರಾಗಿ, ಮತ್ತೆ ಅದೇ ಜಾಲರಿಗೆ ಹೋಗಿ ಕೂತಿತ್ತು. ಕೆಟ್ಟದ್ದನ್ನು ಕೆಟ್ಟಂತೆಯೇ ಬಿಟ್ಟಿದ್ದರೆ ಇದಕ್ಕಿಂತ ವಾಸಿ.

ಒಂದು ಎಚ್ಚರಿಕೆಯನ್ನು ಗೆಳೆಯ ನಲ್ಲಿಯ ಪಕ್ಕದ ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿದ್ದಾನೆ. ಈ ಎಂಜಿನ್ ತಣ್ಣಗಿರುವುದು ತಾನು ಓಡುವ ನೀರಿನಿಂದಲೇ, ಹಾಗಾಗಿ ನೆಲದ ಮೇಲೆ ಪರೀಕ್ಷಿಸಲು ಪೈಪು ಹಚ್ಚಬೇಕು. ಮೊದಲು ಎಂಜಿನ್ ಶುರು, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಆಮೇಲೆ ಎಂಜಿನ್. ಉಲ್ಟಾ ಮಾಡಿದರೆ ಹೊಗೆಯ ದಾರಿಯಲ್ಲಿ ನೀರು ಹಿಂದಕ್ಕೆ ಹೋಗಿ ಸಿಲಿಂಡರ್ ತುಂಬುತ್ತದೆ. ಅವನ ಮಗನಿಗೆ ಕನ್ನಡ ಓದಲು ಬರುವುದಿಲ್ಲ, ಇಂಗ್ಲಿಷಿನಲ್ಲೂ ಬರೆಯಬೇಕಾಯಿತು.

ಇಷ್ಟು ಹೊಗಳಿದ ಮೇಲೆ ಹೇಳಲೇಬೇಕಾದ್ದು ಒಂದಿದೆ. ಈ ಹಳೆಯ ಟೂ ಸ್ಟ್ರೋಕುಗಳು ಕುಡಿದ ಇಂಧನದ ಕಾಲು ಭಾಗದಷ್ಟನ್ನು ಉರಿಸದೆಯೇ ನೀರಿಗೆ ಉಗುಳಬಲ್ಲವು. ಅಮೆರಿಕ ಸರ್ಕಾರ 1996ರಲ್ಲಿ ನಿಯಮ ಬಿಗಿ ಮಾಡಿತು. ಟಾಹೋ ಸರೋವರದಲ್ಲಿ 1999ರಿಂದ ಕಾರ್ಬುರೇಟರ್ ಇರುವ ಟೂ ಸ್ಟ್ರೋಕಿಗೆ ಪ್ರವೇಶವೇ ಇಲ್ಲ. ಸೂಪರ್‌ಜೆಟ್ ಕೊನೆಯ ವರ್ಷಗಳಲ್ಲಿ "ಸ್ಪರ್ಧೆಗೆ ಮಾತ್ರ" ಎಂಬ ಹಣೆಪಟ್ಟಿ ಹಚ್ಚಿಕೊಂಡು ಬದುಕಿದ್ದು ಆ ನಿಯಮದ ಸಂದಿಯಲ್ಲೇ. ಆ ಸರೋವರದವರು ಮಾಡಿದ್ದು ಸರಿ ಎಂದೇ ನಾನೆಂದೆ. ಗೆಳೆಯ ವಾದಿಸಲಿಲ್ಲ. ಹಳೆಯದನ್ನು ಉಳಿಸುವುದೂ ಪರಿಸರಕ್ಕೆ ಒಳ್ಳೆಯದೇ ಎಂಬ ಸುಲಭದ ಮಾತನ್ನೂ ಆಡಲಿಲ್ಲ. ಅದು ನನಗೆ ಹಿಡಿಸಿತು.

ಲೇಕ್ ಪ್ಲೆಸೆಂಟ್ ಎಂಬಲ್ಲಿ ನೀರಿಗೆ ಇಳಿಸಿದಾಗ ಅದು ಮೊದಲ ಒತ್ತಿಗೇ ಹೊತ್ತಿಕೊಂಡಿತು. ಹೊಟ್ಟೆಯ ಮೇಲೆ ಮಲಗಿ ಶುರು ಮಾಡಬೇಕು, ವೇಗ ಬಂದಂತೆ ಮಂಡಿಯೂರಬೇಕು, ಆಮೇಲೆ ಒಂದೊಂದೇ ಕಾಲು. ಮಗ ಮಧ್ಯಾಹ್ನದೊಳಗೆ ಎದ್ದು ನಿಂತ. ಐವತ್ತು ದಾಟಿದ ಅಪ್ಪ ಮಂಡಿಯಲ್ಲೇ ಒಂದು ದೊಡ್ಡ ಸುತ್ತು ಹೊಡೆದು, ಅಷ್ಟೇ ಸಾಕು ಎಂದು ದಡಕ್ಕೆ ಬಂದು ಡಬ್ಬಿ ತೆರೆದ. ಎಂಜಿನ್ನಿನ ಕೆಳಗೆ ಅರ್ಧ ಬಕೆಟ್ ನೀರು. ಡ್ರೈವ್ ಶಾಫ್ಟ್ ಒಳಬರುವ ಕಡೆಯ ಸೀಲು ಸೋರುತ್ತಿರಬೇಕು ಎಂದು ನಾನೆಂದೆ, ಬೋಲ್ಟ್ ತೂತೇ ಇರಬೇಕೆಂದು ಅವನೆಂದ. ವಾಪಸ್ ಬರುವ ದಾರಿಯುದ್ದಕ್ಕೂ ಅದೇ ಜಗಳ.